ರವಿವರ್ಮ ಪ್ರೆಸ್: ಪಟ ಮನೆಮನೆಗೆ ಹೋಯಿತು, ಲೆಕ್ಕ ಮಾತ್ರ ಕೂಡಲಿಲ್ಲ

ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿಮನೆಯ ದೇವರ ಕೋಣೆಯಲ್ಲಿ ಒಂದು ಲಕ್ಷ್ಮಿ ಪಟ ಇದೆ. ತಾವರೆ ಮೇಲೆ ನಿಂತ ಲಕ್ಷ್ಮಿ, ಪಕ್ಕದಲ್ಲಿ ಆನೆ. ಸೀರೆಯ ಅಂಚಿಗೆ ಮುತ್ತಜ್ಜಿ ಜರಿ ಅಂಟಿಸಿದ್ದಾರೆ, ಕಿರೀಟಕ್ಕೆ ಚಮಕಿ. ಎಷ್ಟೋ ಚಮಕಿ ಉದುರಿ ಹೋಗಿವೆ, ಅಂಟಿನ ಕಂದು ಕಲೆ ಉಳಿದಿದೆ. ಕಳೆದ ವರ್ಷ ಕಟ್ಟು ಸಡಿಲವಾಗಿ ಗಾಜು ತೆಗೆಯಬೇಕಾಯಿತು. ಆಗ ಭೂತಗನ್ನಡಿ ಹಿಡಿದು ನೋಡಿದೆ. ದೂರದಿಂದ ನುಣ್ಣಗೆ ಕಾಣುತ್ತಿದ್ದ ಕೆನ್ನೆ ಹತ್ತಿರದಿಂದ ಬರೀ ಚುಕ್ಕೆಗಳು. ತಿಳಿ ಹಳದಿಯ ಮೇಲೆ ಗುಲಾಬಿ, ಅದರ ಮೇಲೆ ಅಲ್ಲೊಂದು ಇಲ್ಲೊಂದು ಕಂದು. ಸೆರಗಿನ ಹತ್ತಿರ ಕೆಂಪು ಬಣ್ಣ ಗೆರೆ ದಾಟಿ ಕೂದಲೆಳೆಯಷ್ಟು ಆಚೆ ಬಿದ್ದಿತ್ತು. ಕಟ್ಟಿನ ಮರೆಯಲ್ಲಿ ಅಡಗಿದ್ದ ಕೆಳ ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳು: ರವಿವರ್ಮ ಪ್ರೆಸ್, ಕಾರ್ಲಾ-ಲೋಣಾವಳ.

ನಾನು ಜಲವರ್ಣದಲ್ಲಿ ಚಿತ್ರ ಬರೆಯುತ್ತೇನೆ. ಆರು ವರ್ಷದಿಂದ ಅವುಗಳ ಪ್ರಿಂಟ್ ಮಾಡಿಸಿ ಮಾರುತ್ತಿದ್ದೇನೆ. ಹಾಗಾಗಿ ಆ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಚಿತ್ರ ಬರೆದವರು ಕೇರಳದವರು. ಪ್ರೆಸ್ ಶುರುವಾದದ್ದು ಮುಂಬಯಿಯಲ್ಲಿ. ಹಾಗಿದ್ದ ಮೇಲೆ ಲೋಣಾವಳ ಎಲ್ಲಿಂದ ಬಂತು? ಇದನ್ನು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು, ಪ್ರಿಂಟ್ ಮಾರಬೇಕು ಅಂತ ಹೊರಟ ಪ್ರತಿಯೊಬ್ಬ ಕಲಾವಿದರೂ ಒಮ್ಮೆ ಕೂತು ಓದಬೇಕಾದ ಪ್ರಕರಣ.

ಎರಡು ಕೈ, ನೂರಾರು ಗಿರಾಕಿ

ರವಿವರ್ಮ ಹುಟ್ಟಿದ್ದು 1848ರಲ್ಲಿ, ತಿರುವಾಂಕೂರಿನ ಕಿಳಿಮಾನೂರಿನಲ್ಲಿ. 1880ರ ದಶಕದಲ್ಲಿ ಅವರ ಎಣ್ಣೆಬಣ್ಣದ ಚಿತ್ರಗಳಿಗಾಗಿ ರಾಜರು, ದಿವಾನರು, ಇಂಗ್ಲಿಷ್ ಅಧಿಕಾರಿಗಳು ಕಾಯುತ್ತಿದ್ದರು. ಮೈಸೂರಿನ ಚಾಮರಾಜೇಂದ್ರ ಒಡೆಯರ ಆಸ್ಥಾನಕ್ಕೂ ಬಂದು ಚಿತ್ರ ಬರೆದುಕೊಟ್ಟಿದ್ದರು. ಒಂದೊಂದು ದೊಡ್ಡ ಚಿತ್ರಕ್ಕೂ ತಿಂಗಳುಗಟ್ಟಲೆ ಕೆಲಸ. ಬೆಲೆ ರಾಜರಿಗೆ ಮಾತ್ರ ಎಟುಕುವಂಥದ್ದು.

1884ರಲ್ಲಿ ಸರ್ ಟಿ. ಮಾಧವರಾವ್ ರವಿವರ್ಮರಿಗೊಂದು ಕಾಗದ ಬರೆದರು. ತಿರುವಾಂಕೂರು, ಬರೋಡ ಎರಡೂ ಕಡೆ ದಿವಾನರಾಗಿದ್ದವರು ಮಾಧವರಾವ್, ಲೆಕ್ಕಾಚಾರ ಬಲ್ಲವರು. ಅವರು ಹೇಳಿದ್ದು ಇಷ್ಟು: ನಿಮ್ಮ ಚಿತ್ರ ಬೇಕು ಅನ್ನುವವರು ಬಹಳ ಜನ ಇದ್ದಾರೆ, ನಿಮಗಿರುವುದು ಎರಡೇ ಕೈ, ಆರಿಸಿದ ಕೆಲವು ಚಿತ್ರಗಳನ್ನು ಯುರೋಪಿಗೆ ಕಳಿಸಿ ಓಲಿಯೋಗ್ರಾಫ್ ಮಾಡಿಸಿ, ಹೆಸರೂ ಬೆಳೆಯುತ್ತದೆ, ದೇಶಕ್ಕೂ ಒಳ್ಳೆಯದಾಗುತ್ತದೆ.

ಓಲಿಯೋಗ್ರಾಫ್ ಅಂದರೆ ಕಲ್ಲಚ್ಚಿನಲ್ಲಿ ಬಣ್ಣದ ಮೇಲೆ ಬಣ್ಣ ಅಚ್ಚು ಹಾಕಿ, ಕೊನೆಗೆ ವಾರ್ನಿಶ್ ಕೊಟ್ಟು, ಎಣ್ಣೆಬಣ್ಣದ ಚಿತ್ರದ ಹಾಗೆ ಕಾಣಿಸುವ ಪ್ರಿಂಟ್. ಇಂಥ ಪಟಗಳ ಪೇಟೆ ನಮ್ಮಲ್ಲಿ ಆಗಲೇ ಇತ್ತು. ಪುಣೆಯ ಚಿತ್ರಶಾಲಾ ಪ್ರೆಸ್, ಕಲಕತ್ತೆಯ ಆರ್ಟ್ ಸ್ಟುಡಿಯೋ ಎರಡೂ 1878ರಿಂದಲೇ ದೇವರ ಪಟಗಳನ್ನು ಅಚ್ಚು ಹಾಕಿ ಮಾರುತ್ತಿದ್ದವು. ಹೊರದೇಶದಿಂದಲೂ ಸರಕು ಬರುತ್ತಿತ್ತು.

ಮಾಧವರಾವ್ ಸಲಹೆಗೂ ಪ್ರೆಸ್ ಶುರುವಾಗುವುದಕ್ಕೂ ನಡುವೆ ಹತ್ತು ವರ್ಷ ಇದೆ. ಈ ಹತ್ತು ವರ್ಷದಲ್ಲಿ ನಡೆದ ಒಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಬರೋಡದ ಸಯಾಜಿರಾವ್ ಗಾಯಕವಾಡರಿಗಾಗಿ ರವಿವರ್ಮ ಪುರಾಣದ 14 ಚಿತ್ರ ಬರೆದರು. 1890ರ ಹೊತ್ತಿಗೆ ಅವು ಮುಗಿದವು. ಅವನ್ನು ಜನರಿಗೆ ತೋರಿಸಲು ಇಟ್ಟಾಗ ಊರೂರಿಂದ ಜನ ಬಂದು ಮುತ್ತಿಕೊಂಡರು. ಆ ಚಿತ್ರಗಳ ಫೋಟೋ ಪ್ರತಿಗಳು ಕಪ್ಪು ಬಿಳುಪಿನಲ್ಲೇ ರಾಶಿ ರಾಶಿ ಮಾರಾಟವಾದವು. ಅಂದರೆ ಗಿರಾಕಿ ಇದ್ದಾನಾ ಇಲ್ಲವಾ ಅನ್ನುವುದು ಯಂತ್ರ ಕೊಳ್ಳುವ ಮೊದಲೇ ಗೊತ್ತಾಗಿತ್ತು. ಇಲ್ಲಿಯವರೆಗೆ ಒಂದು ಹೆಜ್ಜೆಯೂ ತಪ್ಪಿಲ್ಲ.

ಮೂರು ದಾರಿ, ಆರಿಸಿದ್ದು ದುಬಾರಿಯದು

ಅವರ ಮುಂದೆ ಮೂರು ದಾರಿ ಇದ್ದವು. ಮಾಧವರಾವ್ ಹೇಳಿದ ಹಾಗೆ ಯುರೋಪಿನಲ್ಲಿ ಅಚ್ಚು ಹಾಕಿಸಿ ತರಿಸಿಕೊಳ್ಳುವುದು ಒಂದು. ಇಲ್ಲೇ ನಡೆಯುತ್ತಿದ್ದ ಪ್ರೆಸ್‌ಗೆ ಕೊಟ್ಟು ಪಾಲು ತೆಗೆದುಕೊಳ್ಳುವುದು ಇನ್ನೊಂದು. ಸ್ವಂತ ಪ್ರೆಸ್ ಹಾಕುವುದು ಮೂರನೆಯದು.

ರವಿವರ್ಮ ಆರಿಸಿದ್ದು ಮೂರನೆಯದನ್ನು. 1894ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಪ್ರೆಸ್ ಶುರುವಾಯಿತು. ಗೋವರ್ಧನದಾಸ್ ಖಟಾವು ಮಖನಜಿ ಪಾಲುದಾರರಾದರು. ಯಂತ್ರ ಜರ್ಮನಿಯಿಂದ ಬಂತು, ಕೆಲಸ ಬಲ್ಲವರೂ ಜರ್ಮನಿಯಿಂದಲೇ ಬಂದರು. ದಿನನಿತ್ಯದ ಉಸ್ತುವಾರಿ ತಮ್ಮ ಸಿ. ರಾಜ ರಾಜವರ್ಮ ಅವರ ಹೆಗಲಿಗೆ ಬಿತ್ತು. ಅವರೂ ಒಳ್ಳೆಯ ಕಲಾವಿದರು, ಅಣ್ಣನ ಜೊತೆ ಊರೂರು ಸುತ್ತಿ ಚಿತ್ರ ಬರೆಯುತ್ತಿದ್ದವರು.

ಯಾಕೆ ಈ ದಾರಿ ಹಿಡಿದರು? ಬಣ್ಣ ತಮ್ಮ ಕಣ್ಣೆದುರಿಗೇ ಬೀಳಬೇಕು ಅನ್ನುವ ಆಸೆ ಇತ್ತು ಅಂತ ನನ್ನ ಊಹೆ. ತಮ್ಮ ಚಿತ್ರದ ಕೆಟ್ಟ ಪ್ರಿಂಟ್ ಒಂದನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಆ ಆಸೆ ಅರ್ಥವಾಗುತ್ತದೆ. ಆದರೆ ಕಲ್ಲಚ್ಚಿನ ಕೆಲಸ ಹೇಗೆ ಅಂತ ನೋಡಿದರೆ ಈ ತೀರ್ಮಾನಕ್ಕೆ ಎಷ್ಟು ದುಡ್ಡು ಬೇಕು ಅನ್ನುವುದೂ ಗೊತ್ತಾಗುತ್ತದೆ.

ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಅನ್ನುವುದೇ ಕಲ್ಲಚ್ಚಿನ ಗುಟ್ಟು. ಜರ್ಮನಿಯ ಅಲೋಯ್ಸ್ ಸೆನೆಫೆಲ್ಡರ್ 1790ರ ದಶಕದ ಕೊನೆಗೆ ಕಂಡುಕೊಂಡದ್ದು ಇದು. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಶಾಯಿಯಲ್ಲಿ ಚಿತ್ರ ಬರೆಯಬೇಕು. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಬಣ್ಣದ ರೋಲರ್ ಉರುಳಿಸಿದರೆ ಬಣ್ಣ ಜಿಡ್ಡಿದ್ದಲ್ಲಿ ಮಾತ್ರ ಹಿಡಿಯುತ್ತದೆ, ನೀರಿದ್ದಲ್ಲಿ ಹಿಡಿಯುವುದಿಲ್ಲ. ಅದರ ಮೇಲೆ ಕಾಗದ ಒತ್ತಿದರೆ ಒಂದು ಬಣ್ಣ ಮುಗಿಯಿತು. ಮುಂದಿನ ಬಣ್ಣಕ್ಕೆ ಬೇರೆ ಕಲ್ಲು. ಅದರ ಮುಂದಿನದಕ್ಕೆ ಮತ್ತೊಂದು. ಮೈಬಣ್ಣ ಚೆನ್ನಾಗಿ ಬರಬೇಕೆಂದರೆ ನಾಲ್ಕೈದು ಕಲ್ಲು ಸಾಲುವುದಿಲ್ಲ. ಪ್ರತಿ ಕಲ್ಲಿನ ಮೇಲೂ ನುರಿತ ಕೈಯೊಂದು ಕೂತು ಚುಕ್ಕೆ ಚುಕ್ಕೆಯಾಗಿ, ಅದೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಚಿತ್ರ ಬರೆಯಬೇಕು. ಒಂದೇ ಹಾಳೆ ಅಷ್ಟೂ ಕಲ್ಲುಗಳ ಮೇಲೆ ಹಾದು ಹೋಗುವಾಗ ಒಂದಿಷ್ಟೂ ಸರಿಯಬಾರದು. ಸರಿದರೆ ನಮ್ಮ ಅಜ್ಜಿಮನೆ ಲಕ್ಷ್ಮಿಯ ಸೆರಗಿನ ಹಾಗೆ ಆಗುತ್ತದೆ.

ಇದರ ಲೆಕ್ಕ ಹೀಗೆ. ಮೊದಲ ಹಾಳೆ ಹೊರಬರುವ ಹೊತ್ತಿಗೆ ಕಲ್ಲು, ಕೂಲಿ, ಯಂತ್ರ ಎಲ್ಲದಕ್ಕೂ ಖರ್ಚಾಗಿ ಹೋಗಿರುತ್ತದೆ. ಆಮೇಲಿನ ಹಾಳೆಗಳು ಅಗ್ಗ. ಸಾವಿರಗಟ್ಟಲೆ ಮಾರಿದರೆ ಮಾತ್ರ ಅಸಲು ಹುಟ್ಟುತ್ತದೆ. ನೂರಿನ್ನೂರು ಮಾರಿದರೆ ನಷ್ಟವೇ. ಯಂತ್ರ ಸುಮ್ನೆ ನಿಂತ ದಿನವೂ ಸಂಬಳ ಕೊಡಲೇಬೇಕು.

ಮೊದಲು ಅಚ್ಚಾದ ಪಟ ಶಕುಂತಲೆಯ ಜನನ. ಮೇನಕೆ ಮಗುವನ್ನು ತಂದು ತೋರಿಸುತ್ತಾಳೆ, ವಿಶ್ವಾಮಿತ್ರ ಮುಖ ತಿರುಗಿಸುತ್ತಾನೆ. ಚಿತ್ರವಾಗಿ ಅದ್ಭುತ. ಆದರೆ ಮನೆಗೆ ತಂದು ಯಾವ ಗೋಡೆಗೆ ಹಾಕುವುದು? ಅದೇ ಲಕ್ಷ್ಮಿ, ಸರಸ್ವತಿ ಬಂದಾಗ ಯಾರೂ ಆ ಪ್ರಶ್ನೆ ಕೇಳಬೇಕಾಗಿರಲಿಲ್ಲ. ಅವಕ್ಕೆ ಪ್ರತಿ ಮನೆಯಲ್ಲೂ ಜಾಗ ಮೊದಲೇ ಇತ್ತು. ಗುಡಿಯೊಳಗೆ ಹೋಗಲು ಬಿಡದ ಜನರ ಮನೆಗೂ ದೇವರು ಕಾಗದದಲ್ಲಿ ಬಂದ. ಈ ಪ್ರೆಸ್ಸಿನ ದೊಡ್ಡ ಕೆಲಸ ಇದೇ ಅಂತ ನಾನು ನಂಬುತ್ತೇನೆ. ಅದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ.

ಪ್ಲೇಗು, ಸಾಲ, ಮಾರಾಟ

ಪ್ರೆಸ್ ಶುರುವಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ, 1896ರಲ್ಲಿ, ಮುಂಬಯಿಗೆ ಪ್ಲೇಗು ಬಂತು. ಜನ ಊರು ಬಿಟ್ಟು ಓಡಿದರು. ಕೆಲಸಗಾರರಿಲ್ಲ, ಅಂಗಡಿಗಳಿಲ್ಲ, ಸರಕು ಸಾಗಿಸುವವರಿಲ್ಲ. ಪಾಲುದಾರಿಕೆಯೂ ಮುರಿಯಿತು. ಪ್ರೆಸ್ ಗಿರಗಾಂವದಿಂದ ಘಾಟ್‌ಕೋಪರಿಗೆ, ಅಲ್ಲಿಂದ ಲೋಣಾವಳ ಹತ್ತಿರದ ಮಳವಲಿಗೆ ಹೋಯಿತು. ಕಾರ್ಲಾ ಗುಹೆಗಳ ಪಕ್ಕದ ಊರು ಅದು. ನಮ್ಮ ಪಟದ ಕೆಳಗಿನ ಸಾಲಿಗೆ ಇದೇ ಉತ್ತರ.

ಕಲ್ಲಿನ ಹಲಗೆಗಳನ್ನೂ ಯಂತ್ರಗಳನ್ನೂ ಎರಡು ಸಲ ಎತ್ತಿ ಸಾಗಿಸುವುದು ಎಂಥ ಕೆಲಸ, ಯೋಚಿಸಿ. 1899ರ ಹೊತ್ತಿಗೆ ಪ್ರೆಸ್ ಸಾಲದಲ್ಲಿ ಮುಳುಗಿತ್ತು. ಅಣ್ಣ ತಮ್ಮ ಇಬ್ಬರೂ ಚಿತ್ರ ಬರೆಯಲು ರಾಜರ ಊರುಗಳಿಗೆ ಹೋಗಬೇಕು, ಬಂದ ಹಣ ಪ್ರೆಸ್ಸಿನ ಬಾಯಿಗೆ ಬೀಳಬೇಕು. ಇತ್ತ ಬೇರೆ ಪ್ರೆಸ್ಸಿನವರು ಅವರದೇ ಲಕ್ಷ್ಮಿ ಸರಸ್ವತಿಯರನ್ನು ನಕಲು ಮಾಡಿ ಅಗ್ಗಕ್ಕೆ ಮಾರುತ್ತಿದ್ದರು. ಹೊಸ ಶತಮಾನದ ಮೊದಲ ವರ್ಷಗಳಲ್ಲೇ ಪ್ರೆಸ್ ಮಾರಾಟವಾಯಿತು. ಕೊಂಡವರು ಅಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಷ್ಲೈಷರ್. ಯಂತ್ರದ ಜೊತೆಗೆ, ರವಿವರ್ಮರ ಹತ್ತಾರು ಚಿತ್ರಗಳನ್ನು ಅಚ್ಚು ಹಾಕುವ ಹಕ್ಕೂ ಅವರ ಕೈ ಸೇರಿತು.

ಇದಕ್ಕೆಲ್ಲ ಪ್ಲೇಗೇ ಕಾರಣ ಅಂದುಬಿಡುವುದು ಸುಲಭ. ನಾನು ಒಪ್ಪುವುದಿಲ್ಲ. ಯಾಕೆಂದರೆ ಅದೇ ಪ್ರೆಸ್, ಅದೇ ಮಳವಲಿ, ಅದೇ ಚಿತ್ರಗಳು ಷ್ಲೈಷರ್ ಕೈಯಲ್ಲಿ ಚೆನ್ನಾಗಿ ನಡೆದವು. ಅವರು ಮಾಡಿದ್ದೇನು? ರವಿವರ್ಮರ ಚಿತ್ರ ಒಂದನ್ನೇ ನಂಬಿ ಕೂರಲಿಲ್ಲ. ಎಂ. ವಿ. ಧುರಂಧರ್‌ ಅಂಥ ಬೇರೆ ಕಲಾವಿದರ ಕೈಯಲ್ಲೂ ಚಿತ್ರ ಬರೆಸಿದರು. ಕ್ಯಾಲೆಂಡರ್, ಸರಕಿನ ಲೇಬಲ್, ಜಾಹೀರಾತು, ಬಂದ ಕೆಲಸ ಎಲ್ಲ ಹಿಡಿದರು. ಯಂತ್ರ ನಿಲ್ಲಲು ಬಿಡಲಿಲ್ಲ. ಮಾರಾಟಕ್ಕೆ ಬೇರೆಯವರಿದ್ದರು. ಎಷ್ಟೋ ಹಳೆಯ ಪಟಗಳ ಅಂಚಿನಲ್ಲಿ ಮುಂಬಯಿಯ ಮೋತಿ ಬಜಾರಿನ ಅನಂತ ಶಿವಾಜಿ ದೇಸಾಯಿ ಅವರ ಹೆಸರು ಇಂದಿಗೂ ಕಾಣುತ್ತದೆ. ಅವರು ಈ ಪಟಗಳ ವ್ಯಾಪಾರಿ.

ರವಿವರ್ಮರ ಕಾಲದಲ್ಲಿ ಹಸಿದ ಯಂತ್ರ ಒಂದಿತ್ತು, ಅದಕ್ಕೆ ಮೇವು ಹಾಕಲು ಮುಖ್ಯವಾಗಿ ಒಬ್ಬರದೇ ಕೈ. ಆ ಕೈಗೆ ಚಿತ್ರ ಬರೆಯುವುದೇ ಕೆಲಸವಾಗಿರಬೇಕಿತ್ತು. ಈ ಪ್ರಕರಣದ ತಿರುಳು ನನ್ನ ಪಾಲಿಗೆ ಇಷ್ಟೇ. ಗಿರಾಕಿ ಇದ್ದರು, ಚಿತ್ರ ಇತ್ತು, ಹೆಸರಿತ್ತು. ಕಲಾವಿದರು ಕಾರ್ಖಾನೆಯನ್ನೂ ತಮ್ಮ ತಲೆಮೇಲೆ ಹೊತ್ತುಕೊಂಡರು.

ಇನ್ನೊಂದು ಮಾತು, ಇದು ನನಗೆ ಬಹಳ ಇಷ್ಟ. ಈ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರಲ್ಲಿ ದಾದಾಸಾಹೇಬ್ ಫಾಲ್ಕೆಯೂ ಒಬ್ಬರು. ಮುಂದೆ 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆರೆಗೆ ತಂದವರು ಅವರೇ. ಪುರಾಣದ ಜನಕ್ಕೆ ಮುಖ, ಉಡುಗೆ, ನಿಲುವು ಹೇಗಿರಬೇಕು ಅನ್ನುವುದನ್ನು ಅವರು ಈ ಪಟಗಳ ನಡುವೆಯೇ ದಿನಾ ನೋಡಿದ್ದರು.

ಹಕ್ಕು ಯಾರದು

ಆ ಕಾಲಕ್ಕೂ ಈಗಿನ ಕಾಲಕ್ಕೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ. ನಕಲು ಮಾಡಿದವರನ್ನು ಹಿಡಿದು ನಿಲ್ಲಿಸಲು ರವಿವರ್ಮರ ಕೈಯಲ್ಲಿ ಗಟ್ಟಿಯಾದದ್ದು ಏನೂ ಇರಲಿಲ್ಲ. ನಮಗೆ 1957ರ ಕಾಪಿರೈಟ್ ಕಾಯ್ದೆ ಇದೆ. ಚಿತ್ರ ಬರೆದು ಮುಗಿಸಿದ ಕ್ಷಣವೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯ ಅಲ್ಲ. ಕಲಾವಿದರ ಜೀವನಪೂರ್ತಿ, ಆಮೇಲೆ 60 ವರ್ಷ ಅದು ಉಳಿಯುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಹಾಗಾಗಿ ಇವತ್ತು ಅವರ ಚಿತ್ರಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು.

ಮೂಲ ಚಿತ್ರ ಮಾರಿದ ಮಾತ್ರಕ್ಕೆ ಪ್ರಿಂಟ್ ಮಾಡುವ ಹಕ್ಕು ಕೊಂಡವರಿಗೆ ಹೋಗುವುದಿಲ್ಲ. ಅದನ್ನು ಬರವಣಿಗೆಯಲ್ಲಿ ಬಿಟ್ಟುಕೊಡಬೇಕು. ಆದರೆ ಬಹಳ ಜನ ಎಡವುವ ಜಾಗ ಒಂದಿದೆ. ಯಾರೋ ದುಡ್ಡು ಕೊಟ್ಟು "ನನಗೊಂದು ಚಿತ್ರ ಬರೆದುಕೊಡಿ" ಅಂತ ಹೇಳಿ ಬರೆಸಿದ್ದಾದರೆ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹಕ್ಕು ಬರೆಸಿದವರದು, ಬೇರೆ ಒಪ್ಪಂದ ಆಗಿರದಿದ್ದರೆ. ಅಂದರೆ ಯಾರದೋ ಮದುವೆಗೆ, ಯಾವುದೋ ಹೋಟೆಲಿನ ಗೋಡೆಗೆ ಬರೆದುಕೊಟ್ಟ ಚಿತ್ರವನ್ನು ಆಮೇಲೆ ಪ್ರಿಂಟ್ ಮಾಡಿ ಮಾರಲು ಹೊರಟರೆ ತೊಂದರೆ. ಮೊದಲೇ ಒಂದು ಸಾಲು ಬರೆದು ಸಹಿ ಮಾಡಿಸಿಕೊಂಡರೆ ಮುಗಿಯಿತು: ಪ್ರಿಂಟ್ ಮಾಡುವ ಹಕ್ಕು ಕಲಾವಿದರದು. ನಾನು ಈಗ ಆ ಸಾಲಿಲ್ಲದೆ ಕುಂಚ ಹಿಡಿಯುವುದಿಲ್ಲ.

ಹಕ್ಕು ಬರೆದುಕೊಡುವಾಗಲೂ ಅವಧಿ, ಜಾಗ ಎರಡನ್ನೂ ಕಾಣಿಸಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಜಾಗ ಬರೆಯದಿದ್ದರೆ ಭಾರತ ಅಂತ ಕಾಯ್ದೆಯೇ ಎಣಿಸುತ್ತದೆ. ಹತ್ತಾರು ಚಿತ್ರಗಳ ಹಕ್ಕನ್ನು ಒಟ್ಟಿಗೆ ಕೊಟ್ಟು ಎದ್ದು ಬರುವ ಪರಿಸ್ಥಿತಿ ಯಾರಿಗೂ ಬೇಡ.

ನನ್ನ ಮೇಜಿನ ಮೇಲೆ

ಮೊದಲ ವರ್ಷ ನಾನೂ ಸಾವಿರದ ಲೆಕ್ಕ ಹಾಕಿದ್ದೆ. ಜಾಸ್ತಿ ಮಾಡಿಸಿದಷ್ಟೂ ಒಂದೊಂದಕ್ಕೆ ಖರ್ಚು ಕಡಿಮೆ ಅಂತ ಅಚ್ಚು ಹಾಕುವವರು ಹೇಳಿದರು. ಅದು ನಿಜವೇ. ಹಾಗಂತ ಒಂದೇ ಚಿತ್ರದ 300 ಪ್ರತಿ ಆಫ್‌ಸೆಟ್‌ನಲ್ಲಿ ಹಾಕಿಸಿದೆ. ಅಡಿಕೆ ತೋಟದ ಚಿತ್ರ ಅದು. ಮೂಲದಲ್ಲಿ ಎಳೆ ಸೋಗೆಯ ತಿಳಿ ಹಸಿರು ಇತ್ತು, ಬಿಸಿಲು ಆಚೆಯಿಂದ ಹಾಯ್ದು ಬಂದಂಥ ಹಸಿರು. ಕಟ್ಟು ಬಿಚ್ಚಿ ನೋಡಿದರೆ ಅದು ಒಣ ಎಲೆಯ ಹಸಿರಾಗಿತ್ತು. ಕಂಪ್ಯೂಟರ್ ಪರದೆಯಲ್ಲಿ ಹೊಳೆಯುವ ಎಷ್ಟೋ ಹಸಿರು ಶಾಯಿಯಲ್ಲಿ ಸಿಗುವುದಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ಮಾದರಿ ಹಾಳೆ ಕೇಳಿ ನೋಡಿಯೂ ಇರಲಿಲ್ಲ. ಆ ಕಟ್ಟುಗಳು ಎರಡು ಮಳೆಗಾಲ ಮಂಚದ ಕೆಳಗೆ ಇದ್ದವು. ಅಂಚುಗಳಿಗೆ ಬೂಸ್ಟು ಹಿಡಿಯಿತು.

ಈಗ ಒಂದು ಚಿತ್ರಕ್ಕೆ ಮೊದಲು 15 ಪ್ರತಿ. ಬೇಗ ಮಾಸದ ಪಿಗ್ಮೆಂಟ್ ಇಂಕ್, ಹತ್ತಿಯ ಕಾಗದ. ಒಂದೊಂದಕ್ಕೆ ಖರ್ಚು ಜಾಸ್ತಿಯೇ, ಆದರೆ ಮಂಚದ ಕೆಳಗೆ ಏನೂ ಇರುವುದಿಲ್ಲ. 15 ಹೋದ ಮೇಲೆ ಮತ್ತೆ 15. ಎ3 ಅಳತೆಯಲ್ಲಿ ಇಂಚಿಗೆ 300 ಚುಕ್ಕೆ ಬೇಕೆಂದರೆ ಫೈಲು ಸುಮಾರು 3508ಕ್ಕೆ 4961 ಪಿಕ್ಸೆಲ್ ಇರಬೇಕು. ಹಾಗಾಗಿ ಎ4 ಅಳತೆಯ ಚಿತ್ರವನ್ನು ಸ್ಕ್ಯಾನ್ ಮಾಡುವಾಗಲೇ ಹೆಚ್ಚಿನ ಚುಕ್ಕೆಯಲ್ಲಿ ಮಾಡಿಟ್ಟುಕೊಳ್ಳುತ್ತೇನೆ. ಮೊಬೈಲಿನಲ್ಲಿ ತೆಗೆದ ಫೋಟೋ ಸಾಲದು, ಕಾಗದದ ಒರಟುತನದ ನೆರಳು ಒಂದು ಬದಿಗೆ ಬೀಳುತ್ತದೆ. ಕಷ್ಟದ ಬಣ್ಣ ಇರುವ ಭಾಗವನ್ನು ಕೈಯಗಲದ ಪಟ್ಟಿಯಾಗಿ ಮೊದಲು ತೆಗೆಸಿ, ಮೂಲದ ಪಕ್ಕ ಇಟ್ಟು, ಹಗಲಿನ ಬೆಳಕಿನಲ್ಲಿ ನೋಡುತ್ತೇನೆ. ಹಸಿರು ಒಪ್ಪಿಗೆಯಾಗುವವರೆಗೆ ಮುಂದೆ ಹೋಗುವುದಿಲ್ಲ.

ಪ್ರಿಂಟರ್ ಕೊಂಡುಬಿಡು ಅಂತ ಗೆಳೆಯರು ಹೇಳುತ್ತಲೇ ಇರುತ್ತಾರೆ. ಒಮ್ಮೆ ಬೆಲೆ ವಿಚಾರಿಸಿ, ಇಂಕಿನ ಖರ್ಚು ಬರೆದುಕೊಂಡು ಕೂತೆ. ಮಳವಲಿಯ ನೆನಪಾಯಿತು. ಕಾಗದವನ್ನು ಮಡಿಸಿ ಎತ್ತಿಟ್ಟೆ.

ವಾರಾಂತ್ಯದ ಸಂತೆಯೊಂದರಲ್ಲಿ ಒಬ್ಬರು ಅಮ್ಮ ನನ್ನ ಹಲಸಿನ ಮರದ ಪ್ರಿಂಟನ್ನು ಎತ್ತಿಕೊಂಡು, "ಇದು ಕೈಯಲ್ಲಿ ಬರೆದದ್ದೇನಮ್ಮಾ?" ಅಂತ ಕೇಳಿದರು. "ಬರೆದದ್ದು ನಾನೇ ಅಮ್ಮಾ, ಆದರೆ ಇದು ಪ್ರಿಂಟು. ಮೂಲ ಮನೆಯಲ್ಲಿದೆ" ಅಂದೆ. ಅವರು ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ನಮ್ಮ ತವರುಮನೆ ಅಂಗಳದಲ್ಲಿ ಇಂಥದ್ದೇ ಇತ್ತು" ಅಂದು ಕೊಂಡು ಹೋದರು. ಪ್ರಿಂಟು ಅಂತ ಕೇಳಿ ಅವರ ಆಸೆ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಪ್ರೆಸ್ ಕೈಬಿಟ್ಟ ಮೇಲೆ ರವಿವರ್ಮ ಚಿತ್ರ ಬರೆಯುವುದಕ್ಕೆ ಮರಳಿದರು. ಅವರ ಕೊನೆಯ ದೊಡ್ಡ ಕೆಲಸಗಳಲ್ಲೊಂದು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಬರೆದ ಪುರಾಣದ ಚಿತ್ರಗಳು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಅವರ ಚಿತ್ರಗಳ ಮುಂದೆ ನಿಂತು ನೋಡಿರುತ್ತೀರಿ. 1905ರಲ್ಲಿ ತಮ್ಮ ತೀರಿಕೊಂಡರು, 1906ರ ಅಕ್ಟೋಬರ್ 2ರಂದು ಅಣ್ಣ. ಮಳವಲಿಯ ಪ್ರೆಸ್ ಅವರ ಹೆಸರಿನಲ್ಲೇ ಇನ್ನೂ ಬಹಳ ವರ್ಷ ಪಟ ಅಚ್ಚು ಹಾಕಿತು. 1972ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು.

ಅಜ್ಜಿಮನೆಯ ಲಕ್ಷ್ಮಿಯನ್ನು ತೀರ್ಥಹಳ್ಳಿಯ ಪೇಟೆಗೆ ಒಯ್ದು ಹೊಸ ಕಟ್ಟು ಹಾಕಿಸಿದೆ. ಜರಿ ಮುಟ್ಟಬೇಡಿ, ಉಳಿದ ಚಮಕಿ ಹಾಗೇ ಇರಲಿ ಅಂದೆ. ಕಟ್ಟು ಹಾಕುವವರು ಎಂದಿನಂತೆ ಕೆಳಗಿನ ಅಂಚನ್ನು ಒಳಗೆ ಸೇರಿಸಲು ಹೊರಟಿದ್ದರು. ಬೇಡ ಅಣ್ಣಾ, ಆ ಸಾಲು ಕಾಣಲಿ ಅಂತ ಹೇಳಿ ಅರ್ಧ ಇಂಚು ಬಿಡಿಸಿದೆ.